ಸುಬ್ಬಯ್ಯನವರ ಫೀಸು

ಬಿಳಿಗುಡ್ಡ ಎಸ್ಟೇಟ್ ಲೈನ್,
ಬಾಳ್ಳುಪೇಟೆ ಅಂಚೆ
20-1-1997

ತಮ್ಮ ರುದ್ರನಿಗೆ ಚೆಲುವಕ್ಕ ಬರೆಯೋದು.

ಎಲ್ರೂ ಚೆನ್ನಾಗಿದೀವಿ ಅಂತ ಶುರು ಮಾಡೋದು ರೂಢಿ. ಈ ಸಲ ಅದನ್ನ ಬರೆಯೋಕೆ ಕೈ ಬರ್ತಿಲ್ಲ ಕಣೋ, ಅದಕ್ಕೇ ನೇರ ವಿಷಯಕ್ಕೆ ಬತ್ತೀನಿ. ನನ್ನ ಕೆಲಸದಿಂದ ತೆಗೆದ್ಬುಟ್ಟವ್ರೆ.

ಹದಿನಾಲ್ಕು ವರ್ಷ ಈ ಎಸ್ಟೇಟಿನ ಮಕ್ಕಳ ಮನೇಲಿ ಆಯಾ ಆಗಿದ್ದೆ. ತಾಯಂದಿರು ತೋಟಕ್ಕೆ ಹೋದ ಮೇಲೆ ಕೂಸುಗಳನ್ನ ನೋಡ್ಕೊಳ್ಳೋದು ನನ್ನ ಕೆಲಸ. ಡಿಸೆಂಬರ್ 14ನೇ ತಾರೀಕು ಮ್ಯಾನೇಜರ್ ಬಾಗಿಲಿಗೆ ಬಂದು, ಕಾಫಿ ಹಣ್ಣು ಉದುರ್ತಾ ಐತೆ, ಆಳು ಸಾಲ್ದು, ನೀನೂ ಸೊಂಟಕ್ಕೆ ಚೀಲ ಕಟ್ಕೊಂಡು ನಡಿ ಅಂದ. ಒಳಗೆ ಹನ್ನೊಂದು ಮಕ್ಕಳು, ಅದರಲ್ಲಿ ಮೂರು ಇನ್ನೂ ಅಂಬೆಗಾಲಿಡೋವು. ಇವನ್ನೆಲ್ಲ ಯಾರ ಕೈಗೆ ಕೊಟ್ಟು ಬರ್ಲಿ ಸಾರ್ ಅಂದೆ. ಬೀಗ ಹಾಕ್ಕೊಂಡು ಬಾ ಅಂದ. ಆಗಲ್ಲ ಅಂದೆ. ನಡೆದದ್ದು ಇಷ್ಟೇ. ಆಮೇಲೆ ಮೂರು ದಿನ ಎಂದಿನಂಗೇ ಮಕ್ಕಳ ಮನೇಲಿ ಕೆಲಸ ಮಾಡ್ದೆ. ನಾಲ್ಕನೇ ದಿನ ನೋಡಿದ್ರೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ. ಕೇಳಿದ್ದಕ್ಕೆ, ನೀನು 14ಕ್ಕೇ ಕೆಲಸ ಬಿಟ್ಟು ಹೋದೆಯಲ್ಲ ಅಂತಾರೆ. ಈಗ ಕಾಗದ ಕಳಿಸವ್ರೆ, ತಾನಾಗಿ ಕೆಲಸ ಬಿಟ್ಟಿರುವುದರಿಂದ ಎಸ್ಟೇಟು ಕೆಲಸಗಾರರಿಗೆ ಕೊಟ್ಟಿರುವ ಲೈನ್ ಮನೆ ಖಾಲಿ ಮಾಡತಕ್ಕದ್ದು ಅಂತ. ಮಧುಶ್ರೀ ಒಂಬತ್ತನೇ ಕ್ಲಾಸು. ಅಪ್ಪ ಇಲ್ಲದ ಹುಡುಗೀನ ಕರ್ಕೊಂಡು ನಾನು ಎಲ್ಲಿಗೆ ಹೋಗ್ಲಿ ಹೇಳು.

ಬಾಳ್ಳುಪೇಟೇಲಿ ಕಾರ್ಮಿಕ ಸಂಘದ ಸುಬ್ಬಯ್ಯ ಅಂತ ಒಬ್ರು ಅವ್ರೆ. ಅರವತ್ತರ ಹತ್ರ ವಯಸ್ಸು. ನಾನು ಬರೋಕೆ ಮುಂಚೆ ಇದೇ ಎಸ್ಟೇಟಲ್ಲಿ ಮೇಸ್ತ್ರಿ ಆಗಿದ್ರಂತೆ, ಸಂಘದ ಕೆಲಸಕ್ಕೆ ಅಂತ ಬಿಟ್ಟು ಹೋದ್ರು ಅಂತ ಲೈನಲ್ಲಿ ಹೇಳ್ತಾರೆ. ಓದಿರೋದು ನಾಲ್ಕನೇ ಕ್ಲಾಸು. ಗೊಬ್ಬರದ ಚೀಲದಲ್ಲಿ ಹೊಲಿಸಿದ ಬ್ಯಾಗು, ಅದರ ತುಂಬ ಕಾಗದ. ಲೇಬರ್ ಕೋರ್ಟು ಚಿಕ್ಕಮಗಳೂರಲ್ಲಿ ಐತೆ, ಅರ್ಜಿ ಹಾಕಿ ನಾನೇ ನಿಂತು ಕೇಳ್ತೀನಿ ಅಂದ್ರು. ಎಷ್ಟಾಗುತ್ತೆ ಅಂದೆ. ನಿನ್ನ ಬಸ್ ಚಾರ್ಜು ನೀನು ಹಾಕ್ಕೋ, ನಂದು ನಾನು ಹಾಕ್ಕೋತೀನಿ ಅಂದ್ರು. ದುಡ್ಡೇ ತಗೊಳ್ಳದೋರನ್ನ ನಂಬೋದು ಹೆಂಗೆ ಅಂತ ನನಗೂ ಒಳಗೊಳಗೆ ಅಳುಕು. ನೀನು ಇಪ್ಪತ್ತು ವರ್ಷದಿಂದ ವಕೀಲರ ಆಫೀಸಲ್ಲಿ ಗುಮಾಸ್ತ. ಏನು ಮಾಡ್ಲಿ, ಬರಿ.

ಚೆಲುವಕ್ಕ

•

ಹೊಸಪೇಟೆ
2-2-1997

ಅಕ್ಕನಿಗೆ ರುದ್ರಯ್ಯನ ನಮಸ್ಕಾರ.

ಕಾಗದ ಓದಿ ಎರಡು ದಿನ ಊಟ ರುಚಿಸಲಿಲ್ಲ. ಆದರೆ ನಿನಗೆ ಆದ ಅನ್ಯಾಯಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಆ ಗೊಬ್ಬರದ ಚೀಲದ ಮನುಷ್ಯ. ಮದುವೆ ಮನೆಗೆ ಬೇಕಾದರೆ ಪುಕ್ಕಟೆ ಕೆಲಸದವರನ್ನು ಕರೆಯೋಣ, ಕೋರ್ಟಿಗೆ ಬೇಡ.

ಇಲ್ಲಿ ಎಲ್ಲಕ್ಕೂ ಒಂದು ದರವಿದೆ ಅಕ್ಕ. ವಕಾಲತ್ತಿಗೆ ಒಂದು, ಅರ್ಜಿ ಟೈಪು ಮಾಡಿಸುವುದಕ್ಕೆ ಒಂದು, ಪ್ರತಿ ವಾಯಿದೆಗೆ ಒಂದು. ಗುಮಾಸ್ತನಿಗೂ ಇಷ್ಟು ಅಂತ ಇದೆ, ನನ್ನ ಮನೆಯ ಒಲೆ ಉರಿಯುವುದು ಅದರಿಂದಲೇ. ಜನ ಇದನ್ನು ಸುಲಿಗೆ ಅಂತಾರೆ, ನಾನು ಹಾಗನ್ನುವುದಿಲ್ಲ. ಫೀಸು ತೆಗೆದುಕೊಂಡವನಿಗೆ ಒಂದು ಹೊಣೆ ಇರುತ್ತದೆ, ಅವನನ್ನು ಹಿಡಿದು ಕೇಳಬಹುದು. ನಾಳೆ ನಿನ್ನ ಸುಬ್ಬಯ್ಯ ಕೇಸು ಕೆಡಿಸಿದರೆ ಏನಂತ ಕೇಳುತ್ತೀಯ?

ನಮ್ಮ ಸಾಹೇಬರ ಜೊತೆ ಓದಿದವರೊಬ್ಬರು ಚಿಕ್ಕಮಗಳೂರಿನಲ್ಲಿ ವಕೀಲರು. ಮಾತಾಡಿದ್ದೇನೆ. ಮೂರು ಸಾವಿರ ಮೊದಲಿಗೆ, ಆಮೇಲೆ ವಾಯಿದೆಗೆ ನೂರೈವತ್ತು. ಮನಿಯಾರ್ಡರ್ ಕಳಿಸುತ್ತೇನೆ. ಎಲ್ಲಿಂದ ತಂದೆ ಅಂತ ಕೇಳಬೇಡ. ಅಮ್ಮ ಹೋದ ಮೇಲೆ ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಕೂಲಿಗೆ ಹೋದವಳು ನೀನು. ನಿನಗೆ ಒಬ್ಬ ಕಪ್ಪು ಕೋಟಿನವನನ್ನೂ ನಿಲ್ಲಿಸದಿದ್ದರೆ ನಾನು ಕೋರ್ಟಿನ ಮೆಟ್ಟಿಲು ಸವೆಸಿದ್ದು ಯಾತಕ್ಕೆ?

ನಿನ್ನ ತಮ್ಮ,
ರುದ್ರಯ್ಯ

•

ಬಿಳಿಗುಡ್ಡ ಎಸ್ಟೇಟ್ ಲೈನ್
27-2-1997

ರುದ್ರ,

ಮನಿಯಾರ್ಡರ್ ಬಂತು. ಪೋಸ್ಟ್‌ಮ್ಯಾನು ನೋಟು ಎಣಿಸೋವಾಗ ಲೈನಿನ ಅರ್ಧ ಜನ ಬಾಗಿಲಲ್ಲಿ ನಿಂತಿದ್ರು. ತಮ್ಮ ಇದ್ರೆ ಇಂಥೋನಿರ್ಬೇಕು ಅಂದ್ರು. ನನಗೂ ಹೆಮ್ಮೆ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಸುಬ್ಬಯ್ಯನೋರು ಅಷ್ಟರಲ್ಲಾಗ್ಲೇ ಅರ್ಜಿ ಹಾಕಿ ಆಗಿತ್ತು. ಲಾಯರ್ ಇಡ್ತೀನಿ ಅಂತ ಹೋಗಿ ಅವರಿಗೆ ಹೇಳ್ದೆ. ಅವರೇನೂ ಬೈಲಿಲ್ಲ. ಒಂದು ಮಾತು ಹೇಳಿದ್ರು, ಅದನ್ನ ಹಂಗೇ ಬರೀತೀನಿ. "ನೋಡವ್ವ, ಈ ಕೋರ್ಟಲ್ಲಿ ಲಾಯರ್ ನಿಲ್ಬೇಕು ಅಂದ್ರೆ ಎದುರು ಪಾರ್ಟಿ ಒಪ್ಬೇಕು. ನಾವು ಲಾಯರ್ ಇಡದೆ ಇದ್ರೆ ಅವರ ಲಾಯರ್‌ಗೂ ನಾವು ಒಪ್ಪಲ್ಲ ಅನ್ಬೋದು. ಆಗ ಆ ಮ್ಯಾನೇಜರ್ರೇ ಎದ್ದು ನಿಂತು ನನಗೆ ಉತ್ತರ ಹೇಳ್ಬೇಕು. ನೀನು ಲಾಯರ್ ಇಟ್ಟೆಯೋ, ಅವರು ಖುಷಿಯಾಗಿ ಒಪ್ಕೊಂಡು ನಿನಗಿಂತ ದೊಡ್ಡೋನ್ನ ಕರ್ಕೊಂಡು ಬರ್ತಾರೆ. ಒಂದ್ಸಲ ಒಪ್ಪಿದ್ರೆ ಮುಗೀತು, ಆಮೇಲೆ ಬೇಡ ಅನ್ನೋಕಾಗಲ್ಲ."

ಇದು ನಿಜವಾ? ಇಲ್ಲ ತಮಗೆ ಕೇಸು ತಪ್ಪಿತಲ್ಲ ಅಂತ ಬೇಜಾರಾಗಿ ಹೇಳಿದ್ರಾ? ಮುಖ ಸಣ್ಣ ಆಗಿತ್ತು. ವಕಾಲತ್ತಿಗೆ ಸಹಿ ಹಾಕೋದು ಸೋಮವಾರ. ಅದರೊಳಗೆ ಬರಿ.

ಚೆಲುವಕ್ಕ

•

ಹೊಸಪೇಟೆ
3-3-1997

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಇಪ್ಪತ್ತು ವರ್ಷದಲ್ಲಿ ಮುನ್ಸೀಫ್ ಕೋರ್ಟು ನೋಡಿದ್ದೇನೆ, ಸೆಷನ್ಸ್ ಕೋರ್ಟು ನೋಡಿದ್ದೇನೆ. ಎದುರಾಳಿಯ ಒಪ್ಪಿಗೆ ಕೇಳಿ ವಕೀಲರನ್ನು ಇಡುವ ಕೋರ್ಟು ಎಲ್ಲೂ ನೋಡಿಲ್ಲ. ಆತನ ಮುಖ ಸಣ್ಣಗಾದದ್ದು ಯಾಕೆ ಅಂತ ನೀನೇ ಬರೆದಿದ್ದೀಯ. ಕಣ್ಣು ಮುಚ್ಚಿಕೊಂಡು ಸಹಿ ಹಾಕು.

ರುದ್ರಯ್ಯ

•

ಬಿಳಿಗುಡ್ಡ ಎಸ್ಟೇಟ್ ಲೈನ್
18-8-1997

ರುದ್ರ,

ನಿನ್ನ ಕಾಗದ ಬರೋ ಹೊತ್ತಿಗೆ ಸೋಮವಾರ ಕಳೆದು ಸಹಿ ಆಗಿಹೋಗಿತ್ತು. ಐದಾರು ತಿಂಗಳು ಬರೀಲಿಲ್ಲ ಅಂತ ಬೈದುಕೋಬೇಡ. ಬರೆದ್ರೆ ನಿನಗೆ ನೋವಾಗುತ್ತೆ ಅಂತ ತಡೆದೆ. ಈಗ ಬರೀದೆ ಆಗಲ್ಲ.

ಸುಬ್ಬಯ್ಯನೋರು ಹೇಳಿದಂಗೇ ಆಯ್ತು. ನಮ್ಮ ಲಾಯರ್ ಎದ್ದು ನಿಂತಿದ್ದೇ ತಡ, ಎಸ್ಟೇಟಿನೋರು ನಮ್ಮದೇನೂ ಅಭ್ಯಂತರ ಇಲ್ಲ ಅಂದ್ರು. ಮುಂದಿನ ವಾಯಿದೆಗೆ ಬೆಂಗಳೂರಿಂದ ಕಾರಲ್ಲಿ ಒಬ್ರು ದೊಡ್ಡ ಲಾಯರ್ ಬಂದಿಳಿದ್ರು. ಅವರನ್ನ ಕಂಡ್ರೆ ನಮ್ಮೋರು ಅರ್ಧ ಎದ್ದು ನಮಸ್ಕಾರ ಮಾಡ್ತಾರೆ. ಏಳು ವಾಯಿದೆ ಆಯ್ತು. ಒಂದ್ಸಲ ಅವರಿಗೆ ಜ್ವರ, ಒಂದ್ಸಲ ಇವರಿಗೆ ಹೈಕೋರ್ಟು. ಪ್ರತಿ ಸಲವೂ ನಾನು ನೂರೈವತ್ತು ಕೊಟ್ಟು ತಾರೀಕು ತಗೊಂಡು ಬತ್ತೀನಿ. ಕೇಸು ಮುಗಿಯೋ ತನಕ ಮನೆ ಬಿಡಿಸೋ ಹಂಗಿಲ್ಲ ಅನ್ನೋದೊಂದೇ ಸಮಾಧಾನ.

ಮಕ್ಕಳ ಮನೆ ಹಾಲಿನ ಚೀಟಿ ನನ್ನ ಹತ್ರ ಅವೆ. ದಿನಾ ಬೆಳಗ್ಗೆ ಮಕ್ಕಳ ಎಣಿಕೆ, ಆಯಾ ಹೆಸರು ಬರೆದು ಮ್ಯಾನೇಜರ್ ಸಹಿ ಹಾಕಿ ಎರಡು ಚೀಟಿ ಕೊಡ್ತಾರೆ. ಒಂದು ಹಾಲಿನೋನಿಗೆ, ಒಂದು ನಮಗೆ. ನಾನು ಎಲ್ಲಾನೂ ತಂತಿಗೆ ಚುಚ್ಚಿ ಇಟ್ಟಿದೀನಿ. ಲಾಯರ್ ಮುಂದೆ ಇಟ್ರೆ, ಈ ಕಸ ಎಲ್ಲ ಬೇಡಮ್ಮ, ಕಾನೂನು ಪಾಯಿಂಟು ನಾನು ನೋಡ್ಕೋತೀನಿ ಅಂದ್ರು.

ಸುಬ್ಬಯ್ಯನೋರು ಮಾತ್ರ ಪ್ರತಿ ವಾಯಿದೆಗೂ ಬಂದು ಹಿಂದಿನ ಬೆಂಚಲ್ಲಿ ಕೂತ್ಕೋತಾರೆ. ಮೊದಮೊದಲು ನನ್ನ ಕೇಸು ಸೋಲೋದನ್ನ ನೋಡೋಕೆ ಬರ್ತಾರೆ ಅಂದ್ಕೊಂಡಿದ್ದೆ, ಪಾಪಿ ನಾನು. ಕೊನೆಗೆ ಕೇಳೇಬಿಟ್ಟೆ. ಬಾಗಿಲಲ್ಲಿ ಹೆಸರು ಕೂಗಿದಾಗ ನಿನಗೆ ಗೊತ್ತಾಗದೆ ಇದ್ರೆ ಕೇಸು ವಜಾ ಆಗುತ್ತೆ ಕಣವ್ವ, ಅದಕ್ಕೆ ಬಂದು ಕೂರ್ತೀನಿ ಅಂದ್ರು.

ಈಗ ಎಸ್ಟೇಟಿನೋರು ಹದಿನೈದು ಸಾವಿರ ಕೊಡ್ತೀವಿ, ಕೆಲಸಾನೂ ಮನೇನೂ ಬಿಟ್ಟು ಸಹಿ ಹಾಕು ಅಂತವ್ರೆ. ನಮ್ಮ ಲಾಯರ್ ತಗೋ ಅಂತಾರೆ. ನನಗೆ ಮನಸ್ಸಿಲ್ಲ.

ಚೆಲುವಕ್ಕ

•

ಹೊಸಪೇಟೆ
1-9-1997

ಅಕ್ಕ,

ತೆಗೆದುಕೋ. ವಕೀಲರೂ ನನಗೆ ಬರೆದಿದ್ದಾರೆ. ಗೆದ್ದರೂ ಅವರು ಹೈಕೋರ್ಟಿಗೆ ಹೋಗುತ್ತಾರೆ, ಅಲ್ಲಿಯ ಫೀಸು ಕೇಳಿದರೆ ನೀನು ಕೂತಲ್ಲೇ ಕೂರುತ್ತೀಯ. ಮಧುವನ್ನು ಕರೆದುಕೊಂಡು ಇಲ್ಲಿಗೆ ಬಾ. ಅಡುಗೆ ಮನೆಯಲ್ಲಿ ಮಲಗಿದರೂ ಒಟ್ಟಿಗೆ ಇರೋಣ.

ನಿನಗೆ ಆ ಮುದುಕ ಹಿಂದಿನ ಬೆಂಚಿನಿಂದ ಹಟ ಹೇಳಿಕೊಡುತ್ತಿದ್ದಾನೆ. ಅವನಿಗೆ ಕಳೆದುಕೊಳ್ಳುವುದಕ್ಕೆ ಏನಿದೆ? ನಿನಗೆ ಕಳಿಸಿದ್ದು ಸಾಲದ ದುಡ್ಡು, ನನ್ನ ಸಂಬಳದಲ್ಲಿ ಪ್ರತಿ ತಿಂಗಳು ಮುರಿದುಕೊಳ್ಳುತ್ತಿದ್ದಾರೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬರೆಸಿದೆ ನೀನು.

ರುದ್ರಯ್ಯ

•

ಬಿಳಿಗುಡ್ಡ ಎಸ್ಟೇಟ್ ಲೈನ್
21-11-1997

ರುದ್ರನಿಗೆ,

ನೀನು ಮತ್ತೆ ಕಳಿಸಿದ ಮನಿಯಾರ್ಡರ್ ವಾಪಸ್ ಮಾಡಿದೀನಿ. ಸಿಟ್ಟಿಂದಲ್ಲ. ಇನ್ನು ಕಳಿಸಬೇಡ, ಮೊದ್ಲು ನಿನ್ನ ಸಾಲ ತೀರಿಸ್ಕೋ.

ಅವನಿಗೆ ಕಳೆದುಕೊಳ್ಳೋಕೆ ಏನೈತೆ ಅಂತ ಬರೆದಿದ್ದೆಯಲ್ಲ. ಅದು ನನ್ನ ತಲೇಲಿ ಕೊರೀತಾ ಇತ್ತು. ಬಾಳ್ಳುಪೇಟೆ ಸಂತೇಲಿ ಅವರ ಹೆಂಡತಿ ಈರಮ್ಮ ಸಿಕ್ಕಿದ್ರು, ಕೇಳ್ದೆ. ಸುಬ್ಬಯ್ಯನೋರು ಒಂದು ಸಾಮಿಲ್ಲಲ್ಲಿ ದಿನಗೂಲಿಗೆ ಮರ ಅಳೀತಾರಂತೆ. ನನ್ನ ಒಂದೊಂದು ವಾಯಿದೆಗೂ ಒಂದು ದಿನದ ಕೂಲಿ, ಮೇಲೆ ಬಸ್ ಚಾರ್ಜು. ನಾನು ಒಬ್ಳೇ ಅಲ್ಲ, ನನ್ನಂಗೆ ಇನ್ನೂ ನಾಲ್ಕು ಜನರ ಕೇಸು ಅವರ ಬ್ಯಾಗಲ್ಲಿ ಐತೆ. ತಿಂಗಳಲ್ಲಿ ಎಂಟು ದಿನ ಕೂಲಿ ಇಲ್ಲ ಕಣವ್ವ ನಮ್ಮನೇಲಿ ಅಂತ ಈರಮ್ಮ ನಕ್ಕೊಂಡೇ ಹೇಳಿದ್ರು. ನನಗೆ ಸಂತೆ ಮಧ್ಯದಲ್ಲಿ ಅಳು ಬಂತು.

ಮಾರನೇ ದಿನವೇ ಹೋಗಿ ಲಾಯರ್ ಹತ್ರ ಕಾಗದ ವಾಪಸ್ ತಗೊಂಡೆ. ಪಾಪ, ಒಳ್ಳೆ ಮಾತಲ್ಲೇ ಕೊಟ್ರು. ಸುಬ್ಬಯ್ಯನೋರ ಮನೆಗೆ ಹೋಗಿ, ನನ್ನ ಪರವಾಗಿ ಮತ್ತೆ ನಿಂತ್ಕೊಳ್ಳಿ ಅಂದೆ. ಬೆಂಗಳೂರು ಲಾಯರ್ ಮಾತ್ರ ಹೋಗಲ್ಲ, ನಾವೇ ಒಪ್ಪಿ ಒಳಗೆ ಬಿಟ್ಕೊಂಡಿದೀವಿ. ನೀವು ಅವರ ಮುಂದೆ ನಿಲ್ತೀರಾ ಅಂದೆ. ಆಯಪ್ಪ ಮೊದ್ಲು ಕೇಳಿದ್ದು, ಹಾಲಿನ ಚೀಟಿ ಇಟ್ಟಿದೀಯ ತಾನೇ ಅಂತ. ಹಿಂದೆ ಮೇಸ್ತ್ರಿ ಆಗಿದ್ದಾಗ ಆ ಚೀಟಿ ಬರೀತಿದ್ದೋರು ಅವರೇ ಅಂತೆ.

ಫೆಬ್ರವರಿ 5ಕ್ಕೆ ಮ್ಯಾನೇಜರ್ ಸಾಕ್ಷಿ. ಸೋತ್ರೆ ಏಪ್ರಿಲ್‌ಗೆ ಮನೆ ಬಿಡ್ಬೇಕು, ಮಧು ಪರೀಕ್ಷೆ ಮುಗೀತಿದ್ದಂಗೆ. ಆಗ ನಿನ್ನ ಅಡುಗೆ ಮನೆಗೆ ಬತ್ತೀನಿ, ಮಾತು ಕೊಡ್ತೀನಿ.

ಚೆಲುವಕ್ಕ

•

ಹೊಸಪೇಟೆ
9-2-1998

ಅಕ್ಕ,

ಮೊನ್ನೆ ಕೋರ್ಟಿನ ಹೊರಗೆ ನನ್ನನ್ನು ನೋಡಿ ನೀನು ಗಾಬರಿಯಾದೆ. ಮಾತಾಡೋಣ ಅಂದರೆ ನನ್ನ ಬಸ್ಸಿಗೆ ಹೊತ್ತಾಗಿತ್ತು. ಈಗ ಸತ್ಯ ಬರೆಯುತ್ತೇನೆ. ನಾನು ಬಂದದ್ದು ನಿನ್ನ ಕೇಸು ನೋಡಲು ಅಲ್ಲ. ಸುಬ್ಬಯ್ಯನವರ ಕಾಲು ಹಿಡಿದಾದರೂ ಸರಿ, ಗದರಿಸಿಯಾದರೂ ಸರಿ, ಅವರನ್ನು ಕೇಸಿನಿಂದ ಎಬ್ಬಿಸಿ, ನಿನ್ನ ಕೈಲಿ ಹದಿನೈದು ಸಾವಿರದ ರಾಜಿಗೆ ಸಹಿ ಹಾಕಿಸಬೇಕು ಅಂತ ಬಂದೆ. ದಾರಿಯಲ್ಲಿ ಬಸ್ಸು ತಪ್ಪಿ ತಡವಾಯಿತು. ನಾನು ಬಾಗಿಲಿಗೆ ಬರುವಾಗ ಅವರು ಆಗಲೇ ಎದ್ದು ನಿಂತಿದ್ದರು.

ದಾರ ಕಟ್ಟಿದ ಕನ್ನಡಕ, ಬಣ್ಣ ಹೋದ ಅಂಗಿ. ಪಕ್ಕದಲ್ಲಿ ಆ ಬೆಂಗಳೂರಿನವರು, ಅವರ ಜೂನಿಯರು, ಎದುರಿಗೆ ಎತ್ತರಕ್ಕೆ ಪುಸ್ತಕ. ನನಗೆ ನಾಚಿಕೆಯಾಯಿತು, ನಮ್ಮ ಮನೆಯವರೇ ಯಾರೋ ಹರಿದ ಬಟ್ಟೆಯಲ್ಲಿ ಸಭೆಗೆ ಬಂದ ಹಾಗೆ. ಆಮೇಲೆ ಅವರು ಬಾಯಿ ತೆರೆದರು. ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದಿಡಬೇಕು ಅನ್ನಿಸಿದೆ, ನೀನು ಅಳುತ್ತಾ ಕೂತಿದ್ದೆ, ಎಷ್ಟು ಕಿವಿಗೆ ಬಿತ್ತೋ.

"ಅವತ್ತು ಹಣ್ಣು ಕೀಳೋಕೆ ಎಷ್ಟು ಆಳು ಕಮ್ಮಿ ಇತ್ತು ಸಾರ್?"

"ಮೂವತ್ತು."

"ಹಣ್ಣು ನೆಲಕ್ಕೆ ಬಿದ್ರೆ ಎಷ್ಟು ಸಂಕಟ ಆಗುತ್ತೆ ಅಂತ ನನಗೂ ಗೊತ್ತು ಸಾರ್. ಏನು ಮಾಡಿದ್ರಿ ಮತ್ತೆ?"

ಮ್ಯಾನೇಜರಿಗೆ ತನ್ನ ಕಷ್ಟ ತಿಳಿದವನೊಬ್ಬ ಸಿಕ್ಕಿದ ಅಂತ ಅನ್ನಿಸಿರಬೇಕು. ಸಲೀಸಾಗಿ ಹೇಳಿದರು. "ಸ್ಟೋರಿನ ವಾಚ್‌ಮ್ಯಾನ್‌ನ ಕಳಿಸಿದೆ, ಬಂಗಲೆ ಅಡುಗೆಯವನನ್ನ ಕಳಿಸಿದೆ, ಆಯಾಗೂ ಹೋಗು ಅಂದೆ. ಅವಳು ಒಪ್ಪಲಿಲ್ಲ."

ಆಯಾಗೆ ತೋಟಕ್ಕೆ ಹೋಗು ಅಂದದ್ದು ಮ್ಯಾನೇಜರ ಬಾಯಿಂದಲೇ ಬಂತಲ್ಲ ಅಂತ ಬೆಂಗಳೂರಿನವರು ಎದ್ದು ನಿಂತರು. ಅಷ್ಟರಲ್ಲಿ ಜಡ್ಜ್ ಸಾಹೇಬರು ಅದನ್ನು ಬರೆಸಿ ಆಗಿತ್ತು. ಆಮೇಲೆ ಸುಬ್ಬಯ್ಯನವರು ನಿನ್ನ ಮೂರು ಚೀಟಿ ತೆಗೆದು, ಒಂದೊಂದಾಗಿ ಮುಂದಿಟ್ಟರು.

"ಈ ಸಹಿ ಯಾರದು ಸಾರ್?"

"ನನ್ನದೇ."

"ತಾರೀಕು ಓದ್ತೀರಾ?"

"ಹದಿನೈದು. ಹದಿನಾರು. ಹದಿನೇಳು."

"ಆಯಾ ಹೆಸರು ಏನಂತ ಐತೆ?"

ಮ್ಯಾನೇಜರು ತಮ್ಮ ವಕೀಲರ ಮುಖ ನೋಡಿದರು. ಜಡ್ಜ್ ಸಾಹೇಬರು ಓದಿ ಅಂದರು. ಚೆಲುವಮ್ಮ ಅಂತ ಓದಿದರು.

"ಹದಿನಾಲ್ಕಕ್ಕೆ ಕೆಲಸ ಬಿಟ್ಟು ಹೋದ ಹೆಂಗಸಿನ ಹೆಸರಿಗೆ ಮೂರು ದಿನ ನೀವೇ ಹಾಲು ಬರೆದು ಕೊಟ್ಟಿದೀರಿ. ನನ್ನ ಪ್ರಶ್ನೆ ಮುಗೀತು ಸ್ವಾಮಿ." ಅಂತ ಹೇಳಿ ಕೂತುಬಿಟ್ಟರು.

ಅಕ್ಕ, ಅಲ್ಲಿಗೇ ಕೂತದ್ದು ಸಣ್ಣ ಮಾತಲ್ಲ. ನಮ್ಮ ಸಾಹೇಬರು ಮೂವತ್ತು ವರ್ಷದ ಅನುಭವದವರು, ಅವರಾಗಿದ್ದರೆ ಇನ್ನೆರಡು ಪ್ರಶ್ನೆ ಕೇಳಿ ಸಾಕ್ಷಿಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಡುತ್ತಿದ್ದರು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವವರನ್ನು ನಾನು ಈ ಇಪ್ಪತ್ತು ವರ್ಷದಲ್ಲಿ ಇಬ್ಬರನ್ನೋ ಮೂವರನ್ನೋ ನೋಡಿದ್ದೇನೆ. ಅವರ ಫೀಸು ನಿನಗೆ ಹೇಳಿದರೆ ನಂಬುವುದಿಲ್ಲ.

ಹೊರಗೆ ಬಂದಾಗ ನಾನು ಯಾರು ಅಂತ ಹೇಳಿ ಕೈಮುಗಿದೆ. ಕೇಸು ಕೆಡಿಸಿದವನು ನಾನೇ, ನಾನು ಕಳಿಸಿದ ವಕೀಲರಿಂದಲೇ ಆ ದೊಡ್ಡವರು ಒಳಗೆ ಬಂದರು ಅಂದೆ. "ಅಕ್ಕನಿಗೆ ಅಂತ ಸಾಲ ಮಾಡಿದೋನು ನೀನು, ತಪ್ಪೇನು ಬಂತು" ಅಂದು ಬಸ್ ನಿಲ್ದಾಣದ ತನಕ ಬಂದು ನನಗೆ ಟೀ ಕುಡಿಸಿದರು. ದುಡ್ಡು ಕೊಡಲು ಹೋದರೆ ಕೈ ಹಿಡಿದು ತಡೆದರು. ಆ ಮನುಷ್ಯನನ್ನು ನಾನು ಕಾಗದದಲ್ಲಿ ಏಕವಚನದಲ್ಲಿ ಕರೆದಿದ್ದೆ. ಆ ಕಾಗದ ಇದ್ದರೆ ಒಲೆಗೆ ಹಾಕು.

ನಿನ್ನ ತಮ್ಮ,
ರುದ್ರಯ್ಯ

•

ಬಿಳಿಗುಡ್ಡ ಎಸ್ಟೇಟ್ ಲೈನ್
7-7-1998

ರುದ್ರ,

ಆರ್ಡರ್ ಆಯ್ತು ಕಣೋ. ಕೆಲಸಕ್ಕೆ ವಾಪಸ್ ತಗೋಬೇಕು, ಹದಿನಾಲ್ಕು ವರ್ಷದ ಸರ್ವಿಸ್ ಹಂಗೇ ಇರ್ಬೇಕು, ಹಿಂದಿನ ಸಂಬಳ ಅರ್ಧ ಕೊಡ್ಬೇಕು ಅಂತ. ಎಸ್ಟೇಟಿನೋರು ಮೇಲಕ್ಕೆ ಹೋಗಲ್ಲ ಅಂದವ್ರೆ. ಮಧು ಪಕ್ಕದ ಮನೆಯೋರ ಮುಂದೆಲ್ಲ ಆರ್ಡರ್ ಕಾಪಿ ಓದಿ ಹೇಳಿದ್ಲು. ನಾನು ಗೋಡೆಗೆ ಒರಗಿ ಕೂತಿದ್ದೆ. ನಮ್ಮನೆ ಗೋಡೆ ಇದು ಅಂತ ಅನ್ನಿಸ್ತಿತ್ತು.

ಮೊನ್ನೆ ಭಾನುವಾರ ಬಾಳೆಹಣ್ಣು ತಗೊಂಡು ಸುಬ್ಬಯ್ಯನೋರ ಮನೆಗೆ ಹೋದೆ. ಅವರು ಸಾಮಿಲ್ಲಿಂದ ಬಂದಿರ್ಲಿಲ್ಲ. ಈರಮ್ಮನ ಹತ್ರ, ಬರೋ ಸಂಬಳದಲ್ಲಿ ನಿಮ್ಮ ಕೂಲಿ ಹೋದಷ್ಟಾದ್ರೂ ತಗೊಳ್ಳಿ ಅಂದೆ. ಅವರು ಬಾಳೆಹಣ್ಣು ಪಕ್ಕಕ್ಕಿಟ್ಟು, ನಿನಗೆ ನಮ್ಮೋರು ಹೇಳಿಲ್ವಾ ಅಂದ್ರು.

ಸುಬ್ಬಯ್ಯನೋರು ಸಂಘಕ್ಕೆ ಅಂತ ಕೆಲಸ ಬಿಟ್ಟೋರಲ್ಲ ಕಣೋ. ನಮ್ಮ ಎಸ್ಟೇಟಿಂದ್ಲೇ 1978ರಲ್ಲಿ ತೆಗೆದುಹಾಕಿದ್ರಂತೆ. ಆಗ ಈರಮ್ಮನ ಅಣ್ಣ, ಪ್ರೀತಿಗೆ, ಹಾಸನದಿಂದ ಒಬ್ರು ಲಾಯರ್‌ನ ಇಟ್ರಂತೆ. ಎಸ್ಟೇಟಿನೋರು ತಕ್ಷಣ ಒಪ್ಪಿ ಅವರಿಗಿಂತ ದೊಡ್ಡೋರನ್ನ ಕರೆಸಿದ್ರಂತೆ. ಆರು ವರ್ಷ ನಡೆದು ಕೇಸು ಹೋಯ್ತು. ಈರಮ್ಮನ ತವರಿನ ಗದ್ದೆಯೂ ಹೋಯ್ತು. ನಾವು ಲಾಯರ್ ಇಡ್ತೀವಿ ಅಂತ ಹೇಳೋಕೆ ಹೋದ ದಿನ ಅವರ ಮುಖ ಸಣ್ಣ ಆಗಿದ್ದು ಅದಕ್ಕೆ. ನಮಗೆ ಹಿಂಗಾಯ್ತು ಅಂತ ಅವಳಿಗೆ ಹೇಳ್ಬಾರ್ದಿತ್ತಾ ಅಂತ ಈರಮ್ಮ ಬೈದ್ರಂತೆ. ಅವಳ ತಮ್ಮ ಆಸೆಯಿಂದ ಕಳಿಸವ್ನೆ, ಅವನ ದುಡ್ಡು ಹಾಳು ಅಂತ ನಾನು ಹೆಂಗೆ ಹೇಳ್ಲಿ ಅಂದ್ರಂತೆ ಸುಬ್ಬಯ್ಯನೋರು. ನಾವಿಬ್ರೂ ಅದನ್ನ ಹೊಟ್ಟೆಕಿಚ್ಚು ಅಂದ್ಕೊಂಡ್ವಿ.

ಇವತ್ತು ಬೆಳಗ್ಗೆ ಏಳೂವರೆಗೆ ಹಾಜರಿ. ಮೊದಲ ದಿನ ನಿನ್ನ ಒಬ್ಳನ್ನೇ ಕಳಿಸಲ್ಲ, ಗೇಟಲ್ಲಿ ಯಾರಾದ್ರೂ ತಡೆದ್ರೆ ಆರ್ಡರ್ ತೋರಿಸ್ಬೇಕು ಅಂತ ಸುಬ್ಬಯ್ಯನೋರು ಬ್ಯಾಗು ಹಿಡ್ಕೊಂಡು ಬಂದ್ರು. ಇವತ್ತಿನ ಕೂಲಿಯೂ ಹೋಯ್ತು ನೋಡು. ಯಾರೂ ತಡೀಲಿಲ್ಲ. ವಾಚ್‌ಮ್ಯಾನ್ ಗೇಟು ತೆಗೆದು ಪಕ್ಕಕ್ಕೆ ನಿಂತ. ನಾನು ನಾಲ್ಕು ಹೆಜ್ಜೆ ಇಟ್ಟು ತಿರುಗಿ ನೋಡಿದ್ರೆ ಅವರು ಗೇಟಿನ ಆಚೆಗೇ ನಿಂತವ್ರೆ.

ಬನ್ನಿ, ಮಕ್ಕಳ ಮನೆ ನೋಡಿ, ಒಂದು ಲೋಟ ಕಾಫಿ ಕುಡಿದು ಹೋಗಿ ಅಂದೆ. ವಾಚ್‌ಮ್ಯಾನೂ ಬನ್ನಿ ಮೇಸ್ತ್ರಿಗಳೇ ಅಂದ.

"ಬೇಡ ಕಣವ್ವ, ನೀನು ನಡಿ" ಅಂದ್ರು. "ನನಗಿನ್ನೂ ಆರ್ಡರ್ ಆಗಿಲ್ಲ."

ನಕ್ಕೊಂಡೇ ಅಂದ್ರು. ನಾನು ಮಕ್ಕಳ ಮನೆ ಬಾಗಿಲು ತೆಗೆಯೋ ತನಕ ಅಲ್ಲೇ ನಿಂತಿದ್ದು, ಆಮೇಲೆ ಬಾಳ್ಳುಪೇಟೆ ಕಡೆ ನಡ್ಕೊಂಡು ಹೋದ್ರು. ಇವತ್ತು ಒಂಬತ್ತು ಮಕ್ಕಳು ಬಂದಿದ್ವು.

ಚೆಲುವಕ್ಕ